ಸಂತ್ರಸ್ತೆಯೇ ಆರೋಪಿಯಾದಾಗ: ಹಳೆಯ ಕೇಸಿನಿಂದ ಹೆಸರು ಬಿಡಿಸುವ ದಾರಿ

ಹಳೆಯ ಕೇಸೊಂದು ಇನ್ನೂ ಮುಗಿದಿಲ್ಲ ಎನ್ನುವುದು ಹೆಚ್ಚಿನವರಿಗೆ ಗೊತ್ತಾಗುವುದು ವಿದೇಶಕ್ಕೆ ಹೊರಟಾಗ. ಕುವೈತಿಗೆ ಮನೆಗೆಲಸಕ್ಕೋ ಇಸ್ರೇಲಿಗೆ ವೃದ್ಧರ ಆರೈಕೆಗೋ ಹೋಗುವವರು ಪಾಸ್‌ಪೋರ್ಟ್ ಸೇವಾ ತಾಣದಲ್ಲಿ 500 ರೂಪಾಯಿ ಕಟ್ಟಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಠಾಣೆಯಿಂದ ಫೋನು: "ನಿಮ್ಮ ಮೇಲೆ ಕೇಸುಂಟಲ್ಲ ಅಕ್ಕ, ಒಮ್ಮೆ ಬಂದು ಹೋಗಿ." ಎಷ್ಟೋ ವರ್ಷದ ಹಿಂದೆ ಲಾಡ್ಜಿನ ಮೇಲೋ ಬಾಡಿಗೆ ಮನೆಯ ಮೇಲೋ ದಾಳಿ ಆಗಿರುತ್ತದೆ. ಅಂದು ಆಕೆಯನ್ನು 'ರಕ್ಷಿಸಿ' ಮಹಿಳಾ ನಿಲಯಕ್ಕೆ ಕಳಿಸಿರುತ್ತಾರೆ. ಚಾರ್ಜ್‌ಶೀಟ್ ಬರೆಯುವ ಹೊತ್ತಿಗೆ ಅದೇ ಹೆಣ್ಣುಮಗಳು ಮೂರನೇ ಆರೋಪಿ.

ಇಂಥ ಕಡತಗಳನ್ನು ಮಂಗಳೂರು, ಉಡುಪಿ, ಕುಂದಾಪುರದ ಕೋರ್ಟುಗಳಲ್ಲಿ ಹಿಂಬಾಲಿಸುವ ಕೆಲಸ ನಮ್ಮದು. ಒಂದು ಮಾತು ಮೊದಲೇ ಹೇಳಬೇಕು. ವಯಸ್ಕರ ಕ್ರಿಮಿನಲ್ ದಾಖಲೆಯನ್ನು ಅಳಿಸಿಹಾಕುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಮಾನವ ಕಳ್ಳಸಾಗಣೆಗೆ ಒಳಗಾದವರ ಮೇಲಿನ ವೇಶ್ಯಾವಾಟಿಕೆ ಸಂಬಂಧದ ಶಿಕ್ಷೆಗಳನ್ನು ರದ್ದು ಮಾಡಲು ಅಮೆರಿಕದ ನ್ಯೂಯಾರ್ಕ್ ರಾಜ್ಯ 2010ರಲ್ಲೇ ಕಾನೂನು ತಂದಿತು, 2021ರಲ್ಲಿ ಬೇರೆ ಅಪರಾಧಗಳಿಗೂ ವಿಸ್ತರಿಸಿತು. ಇಲ್ಲಿ ಅಂಥ ಒಂದೇ ಅರ್ಜಿ ಎಂಬುದಿಲ್ಲ. ಆಕೆಯ ಹೆಸರು ಠಾಣೆಯಲ್ಲಿ, ಕೋರ್ಟಿನಲ್ಲಿ, ಪೊಲೀಸ್ ಗಣಕದಲ್ಲಿ, ಬೆರಳಚ್ಚಿನ ದಾಖಲೆಯಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ, ಇಂಟರ್ನೆಟ್ಟಿನಲ್ಲಿ ಬೇರೆ ಬೇರೆಯಾಗಿ ಕೂತಿರುತ್ತದೆ. ಒಂದು ಕಡೆ ಸಿಕ್ಕ ಆದೇಶ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ, ನಾವೇ ಒಯ್ಯಬೇಕು.

ಫೋನು ಬಂದ ಕೂಡಲೇ ಠಾಣೆಗೆ ಓಡಬಾರದು. ಜಾಮೀನು ಪಡೆದ ಮೇಲೆ ಊರು ಬಿಟ್ಟವರ ಮೇಲೆ ಜಾಮೀನುರಹಿತ ವಾರಂಟ್ ಇರುವುದು ಸಾಮಾನ್ಯ. 'ಒಮ್ಮೆ ಬಂದು ಹೋಗಿ' ಎಂದ ಮಾತು ನಂಬಿ ಹೋದವರು ಅದೇ ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗಬಹುದು. ಮೊದಲು ಕೋರ್ಟು ಕೇಸುಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ ಮತ್ತು ಕೋರ್ಟ್ ಸಂಕೀರ್ಣ ಆರಿಸಿ ಹುಡುಕಬೇಕು. ಹೆಸರಿನಿಂದ ಹುಡುಕುವುದಾದರೆ ವರ್ಷವನ್ನೂ ಕೊಡಬೇಕು. ಬಾಕಿ ಇರುವವು, ಇತ್ಯರ್ಥವಾದವು ಎರಡನ್ನೂ ನೋಡಬೇಕು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದಿದ್ದಾರೋ ಯಾರಿಗೆ ಗೊತ್ತು. ಶ್ವೇತಾ ಎಂಬ ಒಂದೇ ಹೆಸರಿಗೆ ಮೂರ್ನಾಲ್ಕು ಕಾಗುಣಿತ, ಸಾಲದ್ದಕ್ಕೆ ಏಜೆಂಟ್ ಇಟ್ಟ ಬೇರೆ ಹೆಸರು. ಆದ್ದರಿಂದ ಠಾಣೆ ಮತ್ತು ಎಫ್‌ಐಆರ್ ನಂಬರು ಸಿಕ್ಕಿದರೆ ಅದರಿಂದಲೇ ಹುಡುಕುವುದು ಭದ್ರ. ಸಿಕ್ಕಿದ 16 ಅಕ್ಷರಾಂಕೆಗಳ ಸಿಎನ್‌ಆರ್ ಸಂಖ್ಯೆಯನ್ನು (ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಅದೇ ಬೇಕು.

ಠಾಣೆ ಯಾವ ಕಚೇರಿಯ ಕೆಳಗೆ ಬರುತ್ತದೆ ಎಂಬುದನ್ನೂ ಈಗಲೇ ಗುರುತು ಮಾಡಿಕೊಳ್ಳಬೇಕು. ಸುರತ್ಕಲ್, ಉಳ್ಳಾಲ, ಮೂಲ್ಕಿ, ಮೂಡುಬಿದಿರೆ ಮಂಗಳೂರು ಪೊಲೀಸ್ ಕಮಿಷನರೇಟಿನವು. ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ ದಕ್ಷಿಣ ಕನ್ನಡ ಎಸ್‌ಪಿ ಕೆಳಗೆ. ಉಡುಪಿಯದು ಇಡೀ ಜಿಲ್ಲೆಗೆ ಒಬ್ಬರೇ ಎಸ್‌ಪಿ. ಅರ್ಜಿ ತಪ್ಪು ಕಚೇರಿಗೆ ಹೋದರೆ 'ಸಂಬಂಧಿಸಿದ ಕಚೇರಿಗೆ ವರ್ಗಾಯಿಸಲಾಗಿದೆ' ಎಂಬ ಹಿಂಬರಹ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

ಇ-ಕೋರ್ಟ್ಸ್‌ನಲ್ಲಿ 'ಇತ್ಯರ್ಥ' ಎಂದು ಕಂಡರೂ ನಿರಾಳವಾಗಬೇಡಿ. ಹಲವು ಆರೋಪಿಗಳಿದ್ದು ಒಬ್ಬರು ಹಾಜರಾಗದಿದ್ದರೆ ಕೋರ್ಟು ಅವರ ಮಟ್ಟಿಗೆ ಕೇಸನ್ನು ಬೇರ್ಪಡಿಸಿ ಹೊಸ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರು ಕೊಡುತ್ತದೆ, ಇದಕ್ಕೆ ಸ್ಪ್ಲಿಟ್ ಅಪ್ ಕೇಸ್ ಎನ್ನುತ್ತಾರೆ. ವಾರಂಟ್ ಹೊರಡಿಸಿದರೂ ಸಿಗದಿದ್ದರೆ ಕೊನೆಗೆ ಅದು ಎಲ್‌ಪಿಸಿ ರಿಜಿಸ್ಟರಿಗೆ, ಅಂದರೆ ದೀರ್ಘಕಾಲ ಬಾಕಿ ಉಳಿದ ಕೇಸುಗಳ ಪಟ್ಟಿಗೆ ಹೋಗುತ್ತದೆ. ಮೂಲ ಕೇಸಿನಲ್ಲಿ ಲಾಡ್ಜ್ ನಡೆಸಿದವನೂ ದಲ್ಲಾಳಿಯೂ ಸಾಕ್ಷಿಗಳು ತಿರುಗಿಬಿದ್ದ ಕಾರಣ ಖುಲಾಸೆಯಾಗಿ ಹೋಗಿರುತ್ತಾರೆ. ಅವರು ಸಾಗಿಸಿ ತಂದ ಹುಡುಗಿಯ ಮೇಲಿನ ಕೇಸು ಮಾತ್ರ ಎಲ್‌ಪಿಸಿಯಲ್ಲಿ ಉಳಿದಿರುತ್ತದೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ದಾರಿಯೂ ಇಲ್ಲೇ ಇದೆ. ಅದೇ ಸಾಕ್ಷ್ಯದ ಮೇಲೆ ಉಳಿದವರೆಲ್ಲ ಖುಲಾಸೆಯಾಗಿದ್ದರೆ, ಬೇರ್ಪಟ್ಟ ಆರೋಪಿಯ ಮೇಲೆ ಮತ್ತೆ ವಿಚಾರಣೆ ನಡೆಸುವುದು ವ್ಯರ್ಥ ಎಂದು ಹೈಕೋರ್ಟಿನಲ್ಲಿ ವಾದಿಸಬಹುದು. ಆ ವಾದ ಒಪ್ಪಿ ರದ್ದು ಮಾಡಿದ ಆದೇಶಗಳು ಬೇಕಾದಷ್ಟಿವೆ. ಅದಕ್ಕೆ ಮೂಲ ಕೇಸಿನ ತೀರ್ಪು ಮತ್ತು ಸಾಕ್ಷಿಗಳ ಹೇಳಿಕೆಗಳ ದೃಢೀಕೃತ ನಕಲು ಬೇಕೇ ಬೇಕು.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಮಾನವ ಕಳ್ಳಸಾಗಣೆಯ ಸಂತ್ರಸ್ತರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗಬೇಕು. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಇದೆ; ಸಹಾಯವಾಣಿ 15100. ಅರ್ಜಿಯಲ್ಲಿ 'ಮಹಿಳೆ' ಎಂದಷ್ಟೇ ಬರೆದು ಬಿಡುವವರು ಹೆಚ್ಚು. 'ಕಳ್ಳಸಾಗಣೆಗೆ ಒಳಗಾದ ವ್ಯಕ್ತಿ' ಎಂದೂ ಬರೆಯಬೇಕು. ಈ ವಿಷಯಕ್ಕೆಂದೇ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) 2015ರ ಯೋಜನೆಯೊಂದಿದೆ, ಅದರ ಹೆಸರೆತ್ತಿದರೆ ಕಡತಕ್ಕೆ ಬೇರೆಯೇ ತೂಕ ಬರುತ್ತದೆ. ಆದಾಯ ಪ್ರಮಾಣಪತ್ರ ಕೇಳಿದರೆ ಕೊಡಬೇಕಾಗಿಲ್ಲ ಎಂದು ವಿನಯದಿಂದಲೇ ಹೇಳಿ.

ಇನ್ನು ನಕಲು. ಎಫ್‌ಐಆರ್, ದೂರು, ದಾಳಿಯ ಮಹಜರು, ಚಾರ್ಜ್‌ಶೀಟ್, ಆಕೆಯನ್ನು ಮೊದಲು ಹಾಜರುಪಡಿಸಿದ ದಿನದ ರಿಮಾಂಡ್ ಆದೇಶ, ವೈದ್ಯಕೀಯ ಪರೀಕ್ಷೆಯ ವರದಿ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ವರದಿ ಮತ್ತು ಮೊದಲ ಹಾಳೆಯಿಂದ ಕೊನೆಯವರೆಗೆ ಪೂರ್ತಿ ಆರ್ಡರ್ ಶೀಟ್, ಅಂದರೆ ಪ್ರತಿ ವಾಯಿದೆಯ ದಿನ ಕೋರ್ಟಿನಲ್ಲಿ ಏನಾಯಿತು ಎಂದು ಬರೆದಿಟ್ಟ ಹಾಳೆಗಳನ್ನು ತೆಗೆಸಬೇಕು. ಆರ್ಡರ್ ಶೀಟಿನಲ್ಲಿ ಬರೇ ಕೊನೆಯ ಹಾಳೆ ಸಾಕು ಎನ್ನುವ ಗುಮಾಸ್ತರ ಮಾತು ಕೇಳಬೇಡಿ. ಆಕೆಗೆ ಯಾವ ದಿನ ಸಮನ್ಸ್ ಹೊರಟಿತು, ಯಾವ ವಿಳಾಸಕ್ಕೆ ಹೋಯಿತು, ವಕೀಲರಿದ್ದರೋ ಇಲ್ಲವೋ ಎಲ್ಲ ಅಲ್ಲೇ ಇರುವುದು. ಏಜೆಂಟ್ ಇಟ್ಟ ಬಾಡಿಗೆ ಮನೆಯ ವಿಳಾಸಕ್ಕೆ ಹೋದ ಸಮನ್ಸ್ 'ವಾಸವಿಲ್ಲ' ಎಂದು ವಾಪಸಾಗಿದ್ದರೆ, ಆಕೆ ತಲೆಮರೆಸಿಕೊಂಡವಳು ಎನ್ನುವ ಮಾತೇ ನಿಲ್ಲುವುದಿಲ್ಲ. ಇತ್ಯರ್ಥವಾದ ಹಳೆಯ ಕಡತ ರೆಕಾರ್ಡ್ ರೂಮಿಗೆ ಹೋಗಿ, ಅವಧಿ ಮುಗಿದು ನಾಶವಾಗಿರಬಹುದು. ಹಾಗಿದ್ದರೆ 'ಕಡತ ನಾಶಪಡಿಸಲಾಗಿದೆ' ಎಂಬ ಹಿಂಬರಹವನ್ನು ಬರಹದಲ್ಲೇ ಪಡೆಯಿರಿ, ರಿಜಿಸ್ಟರಿನ ಆ ಸಾಲಿನ ನಕಲನ್ನೂ ಕೇಳಿ. ಠಾಣೆಯ ಮಾಹಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಎರಡು ವಿಷಯ ಸೇರಿಸಿದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ.

ನಕಲು ಬಂದ ಮೇಲೆ ಕೂತು ಓದುವ ಕೆಲಸವೇ ಅರ್ಧ ಕೆಲಸ. ಹುಡುಕಬೇಕಾದದ್ದು ಒಂದು: ಸರಕಾರವೇ ಆಕೆಯನ್ನು 'ನೊಂದ ಮಹಿಳೆ' ಎಂದು ಕರೆದ ಕಾಗದ. ಅದು ಬಹುತೇಕ ಪ್ರಕರಣಗಳಲ್ಲಿ ಇದ್ದೇ ಇರುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಕೋರ್ಟಿನವರು ಐಟಿಪಿ ಆಕ್ಟ್ ಎನ್ನುವ ಕಾನೂನಿನ 17ನೇ ಸೆಕ್ಷನ್ ಪ್ರಕಾರ ದಾಳಿಯಲ್ಲಿ ಸಿಕ್ಕವರನ್ನು ಮ್ಯಾಜಿಸ್ಟ್ರೇಟರು ಸುರಕ್ಷಿತ ವಶಕ್ಕೆ ಕೊಟ್ಟು, ವಯಸ್ಸು, ಹಿನ್ನೆಲೆ, ಮನೆಯ ಸ್ಥಿತಿಯ ಬಗ್ಗೆ ಪರಿವೀಕ್ಷಣಾಧಿಕಾರಿಯಿಂದ ವಿಚಾರಣೆ ಮಾಡಿಸಬೇಕು. ಉಡುಪಿ ನಿಟ್ಟೂರಿನ ರಾಜ್ಯ ಮಹಿಳಾ ನಿಲಯದಂಥ ಕಡೆ ಇದ್ದವರಾದರೆ ಅಲ್ಲಿನ ದಾಖಲಾತಿ ವಹಿ, ಆಪ್ತಸಮಾಲೋಚನೆಯ ಟಿಪ್ಪಣಿ, ಬಿಡುಗಡೆಯ ಆದೇಶ ಸಿಗುತ್ತವೆ. 'ಆರೈಕೆ ಮತ್ತು ರಕ್ಷಣೆ ಬೇಕಾದವಳು' ಎಂದು ಒಂದು ಕಡತದಲ್ಲಿ ಬರೆದ ವ್ಯವಸ್ಥೆಯೇ ಇನ್ನೊಂದರಲ್ಲಿ ಆರೋಪಿ ಎಂದು ಬರೆದಿದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ವಾದದ ಮುಕ್ಕಾಲು ಭಾಗ ಮುಗಿಯಿತು.

ಆಮೇಲೆ ಸೆಕ್ಷನ್‌ಗಳು. ದಾಳಿಯ ಎಫ್‌ಐಆರ್‌ಗಳಲ್ಲಿ 3, 4, 5, 7, 8 ಎಂದು ಎಲ್ಲವನ್ನೂ ಎಲ್ಲರ ಮೇಲೂ ಬರೆಯುವ ಚಾಳಿ ಇದೆ. ಒಂದೊಂದನ್ನೇ ಬಿಡಿಸಬೇಕು. 3 ಇರುವುದು ವೇಶ್ಯಾಗೃಹ ನಡೆಸುವವರಿಗೆ. 4 ಇರುವುದು ಇನ್ನೊಬ್ಬರ ದುಡಿಮೆಯಲ್ಲಿ ಬದುಕುವವರಿಗೆ. ತನ್ನದೇ ದುಡಿಮೆಯಲ್ಲಿ ಬದುಕಿದವಳಿಗೆ ಅದು ತಗಲುವುದಿಲ್ಲ. 5 ಇರುವುದು ಪುಸಲಾಯಿಸಿ ಕರೆತರುವ, ಸಾಗಿಸುವ ಜನಕ್ಕೆ. ಸಾಗಿಸಲ್ಪಟ್ಟವಳನ್ನು ಅದರಡಿ ಶಿಕ್ಷಿಸಲಾಗದು ಎಂದು ಕರ್ನಾಟಕ ಹೈಕೋರ್ಟ್ ನಮ್ಮ ಕರಾವಳಿಯದೇ ಒಂದು ಪ್ರಕರಣದಲ್ಲಿ ಹೇಳಿದೆ. ಉಳಿಯುವುದು 7 ಮತ್ತು 8. ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಂಥವುಗಳ 200 ಮೀಟರ್ ಒಳಗಾದರೆ 7. ಮಂಗಳೂರಿನಂಥ ಊರಿನಲ್ಲಿ 200 ಮೀಟರ್ ಒಳಗೆ ಏನೂ ಇಲ್ಲದ ಜಾಗ ತೋರಿಸುವುದೇ ಕಷ್ಟ, ಆದರೆ ಮಹಜರಿನಲ್ಲಿ ಅಳತೆಯನ್ನೇ ಬರೆದಿರುವುದಿಲ್ಲ. 8 ಎಂದರೆ ಸಾರ್ವಜನಿಕವಾಗಿ ಗಿರಾಕಿ ಕರೆಯುವುದು. ಬೀಗ ಹಾಕಿದ ಕೋಣೆಯಿಂದ ಹೊರತಂದ ಹುಡುಗಿ ಯಾರನ್ನು ಎಲ್ಲಿ ಕರೆದಳು?

8ರ ಮೊದಲ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಆರು ತಿಂಗಳು ಅಥವಾ 500 ರೂಪಾಯಿ ದಂಡ. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ಕೋರ್ಟು ಒಂದು ವರ್ಷದೊಳಗೆ ವಿಚಾರಣೆಗೆ ಅಂಗೀಕರಿಸಬೇಕು. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 468, ಅದರ ಬದಲಿಗೆ ಬಂದ ಹೊಸ ಸಂಹಿತೆಯ (ಬಿಎನ್‌ಎಸ್‌ಎಸ್) 514. ಹಳೆಯ ಸಂಹಿತೆಯಡಿಯ ಕೇಸಿನಲ್ಲಿ ಚಾರ್ಜ್‌ಶೀಟ್ ಎರಡನೇ ವರ್ಷದಲ್ಲಿ ಬಂದಿದ್ದರೆ ಅಲ್ಲೇ ಬಿದ್ದುಹೋಗಬಹುದು; ಹೊಸದರಲ್ಲಿ ಲೆಕ್ಕಕ್ಕೆ ಬರುವುದು ಎಫ್‌ಐಆರ್ ದಾಖಲಾದ ದಿನ. ಆದರೆ ಒಟ್ಟಿಗೆ ವಿಚಾರಣೆಯಾಗುವ ಅಪರಾಧಗಳಲ್ಲಿ ದೊಡ್ಡದರ ಅವಧಿಯೇ ಲೆಕ್ಕಕ್ಕೆ ಬರುತ್ತದೆ. ಏಳು ವರ್ಷದವರೆಗೆ ಶಿಕ್ಷೆ ಇರುವ 5ನೇ ಸೆಕ್ಷನ್ ಆಕೆಯ ಹೆಸರಿನ ಮುಂದೆ ಇರುವವರೆಗೆ ಈ ವಾದಕ್ಕೆ ಕಾಲಿಲ್ಲ. ಹಾಗಾಗಿ ಅರ್ಜಿಯಲ್ಲಿ ಮೊದಲು 5 ಅನ್ವಯಿಸದು ಎಂದು ಹೇಳಿ, ನಂತರ ಕಾಲಮಿತಿಗೆ ಬರಬೇಕು. ದಾಳಿಯ ಕ್ರಮವನ್ನೂ ನೋಡಿ: ದಾಳಿಗೆ ಮೊದಲು ವಿಶೇಷ ಪೊಲೀಸ್ ಅಧಿಕಾರಿ ಕಾರಣ ದಾಖಲಿಸಿದ್ದಾರೆಯೇ, ಇಬ್ಬರು ಪಂಚರಲ್ಲಿ ಒಬ್ಬ ಮಹಿಳೆ ಇದ್ದಾರೆಯೇ, ಪ್ರಶ್ನಿಸಿದ್ದು ಮಹಿಳಾ ಅಧಿಕಾರಿಯೇ. 15ನೇ ಸೆಕ್ಷನ್ ಇವನ್ನೆಲ್ಲ ಕೇಳುತ್ತದೆ. 2022ರ ಮೇ 19ರ ಸುಪ್ರೀಂ ಕೋರ್ಟ್ ಆದೇಶವೂ ಜೊತೆಗಿರಲಿ. ದಾಳಿಯ ವೇಳೆ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸುವುದು, ದಂಡಿಸುವುದು, ಕಿರುಕುಳ ಕೊಡುವುದು ಸಲ್ಲದು ಎಂದು ಅದರಲ್ಲಿದೆ.

ಇಷ್ಟಕ್ಕೆ ಮುಂಚೆ ಕೇಳಲೇಬೇಕಾದ ಪ್ರಶ್ನೆ: ದಾಳಿಯ ದಿನ ಆಕೆಗೆ ನಿಜಕ್ಕೂ ಎಷ್ಟು ವಯಸ್ಸು? ಏಜೆಂಟ್ ಹೇಳಿಕೊಟ್ಟ 19, 20 ಎನ್ನುವ ಅಂಕೆಯೇ ಎಫ್‌ಐಆರಿನಲ್ಲಿ ಕೂತಿರುತ್ತದೆ. 18 ತುಂಬಿರಲಿಲ್ಲ ಎಂದಾದರೆ ಇಡೀ ಚಿತ್ರವೇ ಬದಲು. ಬಾಲನ್ಯಾಯ ಕಾಯ್ದೆ 2015ರ 9ನೇ ಸೆಕ್ಷನ್ ಪ್ರಕಾರ ಈ ಮಾತನ್ನು ಯಾವ ಹಂತದಲ್ಲೂ, ಕೇಸು ಮುಗಿದ ಮೇಲೂ ಎತ್ತಬಹುದು. ಸಾಬೀತಿಗೆ 94ನೇ ಸೆಕ್ಷನ್ ಒಂದು ಕ್ರಮ ಹಾಕಿದೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆಯಲ್ಲಿ ವರ್ಷ ಎರಡು ವರ್ಷ ಆಚೀಚೆ ಆಗುವುದರಿಂದ ಅದು ಕೊನೆಯ ಆಯ್ಕೆಯಾಗಿಯೇ ಇರಲಿ. ಶಾಲೆ ಬಿಟ್ಟು ಎಷ್ಟೇ ವರ್ಷವಾಗಿದ್ದರೂ ದಾಖಲಾತಿ ವಹಿಯ ನಕಲು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಸಿಗುತ್ತದೆ. ಬಾಲಕಿ ಎಂದು ತೀರ್ಮಾನವಾದರೆ 24ನೇ ಸೆಕ್ಷನ್ ಅನರ್ಹತೆಗಳನ್ನೆಲ್ಲ ತೆಗೆಯುತ್ತದೆ, ದಾಖಲೆ ನಾಶಕ್ಕೆ ಆದೇಶ ಮಾಡಿಸುತ್ತದೆ. 74ನೇ ಸೆಕ್ಷನ್ ಪ್ರಕಾರ ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಹೊರಗೆ ಹೇಳುವಂತಿಲ್ಲ. ನಮ್ಮ ದೇಶದಲ್ಲಿ ನಿಜವಾಗಿ 'ಅಳಿಸುವ' ಕಾನೂನು ಎಂದು ಇದ್ದರೆ ಅದು ಇದೊಂದೇ, ಅದೂ ಮಕ್ಕಳಿಗೆ ಮಾತ್ರ.

ವಯಸ್ಕರಿಗೆ ದಾರಿ ಮೂರು. ದೊಡ್ಡ ಸೆಕ್ಷನ್‌ಗಳಿರುವ ವಾರಂಟ್ ಕೇಸಾದರೆ ಮ್ಯಾಜಿಸ್ಟ್ರೇಟರ ಬಳಿಯೇ ಆರೋಪಮುಕ್ತಿ, ಅಂದರೆ ವಿಚಾರಣೆಗೆ ಮೊದಲೇ ಆರೋಪದಿಂದ ಬಿಡುಗಡೆ ಕೇಳಬಹುದು. ಹಳೆಯ 239, ಹೊಸ 262. ಹೊಸ ಸಂಹಿತೆಯಲ್ಲಿ ಚಾರ್ಜ್‌ಶೀಟಿನ ಪ್ರತಿ ಸಿಕ್ಕ ದಿನದಿಂದ 60 ದಿನದೊಳಗೆ ಅರ್ಜಿ ಹಾಕಬೇಕು, ಇದು ಬಹಳ ಜನರ ಗಮನಕ್ಕೆ ಬಂದಿಲ್ಲ. ಬರೇ 7, 8 ಇರುವ ಸಮನ್ಸ್ ಕೇಸಿನಲ್ಲಿ ಆರೋಪಮುಕ್ತಿಗೆ ಅವಕಾಶವಿಲ್ಲ, ಆದರೆ ಪೊಲೀಸ್ ವರದಿಯ ಮೇಲೆ ನಡೆಯುವ ಸಮನ್ಸ್ ಕೇಸನ್ನು ಕಾರಣ ಬರೆದು ನಡುವೆಯೇ ನಿಲ್ಲಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಹಳೆಯ 258, ಹೊಸ 281. ಮುಖ್ಯ ಸಾಕ್ಷಿಯ ವಿಚಾರಣೆಗೆ ಮುನ್ನ ನಿಲ್ಲಿಸಿದರೆ ಅದು ಆರೋಪಮುಕ್ತಿಗೆ ಸಮ. ವಕೀಲರು ಇದನ್ನು ಕೇಳುವುದೇ ಅಪರೂಪ. ಸಾವಿರಾರು ರೂಪಾಯಿಯೂ ಬೆಂಗಳೂರಿನ ಓಡಾಟವೂ ಉಳಿಯುವ ದಾರಿ ಇದು, ಮೊದಲು ಇಲ್ಲಿ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಮೂರನೆಯದು ಹೈಕೋರ್ಟ್: ಹಳೆಯ 482, ಹೊಸ 528ರಡಿ ಇಡೀ ಪ್ರಕರಣ ರದ್ದು ಮಾಡಿ ಎಂಬ ಕ್ರಿಮಿನಲ್ ಪಿಟಿಷನ್.

ಎಲ್ಲಕ್ಕಿಂತ ಜಟಿಲವಾದದ್ದು ತಪ್ಪೊಪ್ಪಿಗೆಯ ಕೇಸು. 'ಒಪ್ಪಿಕೊಂಡು ದಂಡ ಕಟ್ಟಿಬಿಡು, ಇವತ್ತೇ ಮನೆಗೆ ಹೋಗಬಹುದು' ಎಂದು ಯಾರೋ ಹೇಳಿರುತ್ತಾರೆ. ಆಕೆಯ ಲೆಕ್ಕದಲ್ಲಿ ಅದು ದಂಡ, ಕೋರ್ಟಿನ ಲೆಕ್ಕದಲ್ಲಿ ಅದು ಶಿಕ್ಷೆಯಾದ ಅಪರಾಧ. ತಪ್ಪೊಪ್ಪಿದ ಮೇಲೆ ಮೇಲ್ಮನವಿ ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯ ಮಟ್ಟಿಗೆ ಮಾತ್ರ. ಆದ್ದರಿಂದ ಸೆಷನ್ಸ್ ಕೋರ್ಟಿನಲ್ಲಿ ರಿವಿಷನ್, ಅಂದರೆ ಕೆಳಗಿನ ಕೋರ್ಟಿನ ಆದೇಶವನ್ನು ಪರಿಶೀಲಿಸಿ ಎಂಬ ಅರ್ಜಿ ಹಾಕಬೇಕು. ಅವಧಿ 90 ದಿನ, ದಾಟಿದ್ದರೆ ವಿಳಂಬ ಮನ್ನಾ ಅರ್ಜಿ ಜೊತೆಗೆ. ಗಟ್ಟಿ ಆಧಾರಗಳು ಆರ್ಡರ್ ಶೀಟಿನಲ್ಲೇ ಸಿಗುತ್ತವೆ: ಆಕೆಗೆ ವಕೀಲರಿರಲಿಲ್ಲ, ಬಂಗಾಳಿಯೋ ತೆಲುಗೋ ಮಾತ್ರ ಬಲ್ಲವಳಿಗೆ ಆರೋಪವನ್ನು ಕನ್ನಡದಲ್ಲಿ ಓದಿ ಹೇಳಲಾಯಿತು, ದುಭಾಷಿ ಇದ್ದ ಉಲ್ಲೇಖವಿಲ್ಲ, ಆಕೆಯ ಮಾತನ್ನು ಆಕೆಯ ಮಾತಿನಲ್ಲೇ ಬರೆಯಬೇಕೆಂದು ಕಾನೂನು ಹೇಳಿದರೂ ಅಚ್ಚು ಹಾಕಿದ ಸಾಲಿಗೆ ಹೆಬ್ಬೆಟ್ಟು ಒತ್ತಿಸಲಾಗಿದೆ. ಆದರೆ ಎಚ್ಚರ. ಒಪ್ಪಿಗೆ ರದ್ದಾದರೆ ಕೇಸು ಮತ್ತೆ ವಿಚಾರಣೆಗೆ ಮರಳಬಹುದು. ಮಲಗಿದ ಕೇಸನ್ನು ಎಬ್ಬಿಸಿ ಕೈಬಿಡುವ ಹಾಗಾಗಬಾರದು. ವಿದೇಶ ಪ್ರಯಾಣ, ಸರಕಾರಿ ಕೆಲಸ, ಮಕ್ಕಳ ದತ್ತು ಇಂಥ ಯಾವ ಅಗತ್ಯವೂ ಇಲ್ಲದವರಿಗೆ ಇದನ್ನು ಮುಟ್ಟದೆ ಬಿಡಿ ಎಂದು ಹೇಳಿದ್ದೂ ಉಂಟು. ಪಾಸ್‌ಪೋರ್ಟ್ ಕಾಯ್ದೆ ಶಿಕ್ಷೆಯ ಕಾರಣಕ್ಕೆ ನಿರಾಕರಿಸುವುದು ಕಳೆದ ಐದು ವರ್ಷದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾಗಿದ್ದರೆ. 500 ರೂಪಾಯಿ ದಂಡ ಅದಕ್ಕೆ ಅಡ್ಡಿಯಲ್ಲ.

ಹೈಕೋರ್ಟಿಗೆ ಹೋಗುವುದಾದರೆ ನಮ್ಮ ಎರಡೂ ಜಿಲ್ಲೆಗಳಿಗೆ ಬೆಂಗಳೂರಿನ ಪ್ರಧಾನ ಪೀಠವೇ ಗತಿ. ಪಕ್ಕದ ಉತ್ತರ ಕನ್ನಡದವರು ಧಾರವಾಡಕ್ಕೆ ಹೋಗುತ್ತಾರೆ. ಮಂಗಳೂರಿಗೊಂದು ಪೀಠ ಬೇಕೆಂಬ ಕೂಗು ಹಳೆಯದು, ಶಿರಾಡಿ ಘಾಟಿ ಇಳಿದು ಹತ್ತಿದವರಿಗೆ ಅದರ ಅರ್ಥ ಗೊತ್ತು. ಆದರೂ ಆಕೆ ಹೋಗಲೇಬೇಕಾಗಿಲ್ಲ. ವಕಾಲತ್ತು, ಪ್ರಮಾಣಪತ್ರ ಇಲ್ಲೇ ಸಹಿಯಾಗುತ್ತವೆ, ಜಿಲ್ಲಾ ಪ್ರಾಧಿಕಾರದ ಮೂಲಕ ಹೈಕೋರ್ಟ್ ಕಾನೂನು ಸೇವಾ ಸಮಿತಿ ವಕೀಲರನ್ನು ಕೊಡುತ್ತದೆ. ಪಿಟಿಷನ್ ಜೊತೆಗೇ ಎರಡು ಮಧ್ಯಂತರ ಅರ್ಜಿ ಇರಲಿ. ಒಂದು, ಕೆಳಗಿನ ಕೋರ್ಟಿನ ಕಲಾಪಕ್ಕೆ ತಡೆ. ಇನ್ನೊಂದು, ಹೆಸರು ಮರೆಮಾಡಿ 'ಎಕ್ಸ್‌ವೈಝಡ್' ಎಂದು ನೋಂದಾಯಿಸಲು ಅನುಮತಿ. ಈ ಎರಡನೆಯದನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಕೆಲಸ ಕೆಟ್ಟ ಹಾಗೆ. ಕಾಸ್ ಲಿಸ್ಟ್‌ನಲ್ಲಿ (ಕೋರ್ಟಿನ ದಿನದ ಕೇಸುಗಳ ಪಟ್ಟಿ) ಪೂರ್ತಿ ಹೆಸರು ಬರುತ್ತದೆ, ತೀರ್ಪಿನ ತಾಣಗಳು ಅದನ್ನು ಎತ್ತಿಕೊಳ್ಳುತ್ತವೆ, ಗೂಗಲ್‌ನಲ್ಲಿ ಇಲ್ಲದೇ ಇದ್ದ ಹೆಸರನ್ನು ನಾವೇ ಹಾಕಿಸಿದಂತಾಗುತ್ತದೆ. ಮಹಿಳೆಯ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣದಂತೆ ಮಾಡಲು 2017ರಲ್ಲೇ ಕರ್ನಾಟಕ ಹೈಕೋರ್ಟ್ ತನ್ನ ರಿಜಿಸ್ಟ್ರಿಗೆ ಸೂಚಿಸಿದ ಆದೇಶವಿದೆ, ಅದನ್ನು ಲಗತ್ತಿಸಿ. ಪ್ರಾರ್ಥನೆಯಲ್ಲಿ 'ಪ್ರಕರಣ ರದ್ದು' ಎಂದಷ್ಟೇ ಬರೆಯದೆ, ಪೊಲೀಸ್ ದಾಖಲೆಗಳನ್ನು ಅದರಂತೆ ತಿದ್ದಲು ನಿರ್ದೇಶನ ಕೊಡಿ ಎಂಬ ಸಾಲನ್ನೂ ಸೇರಿಸಿ. ಈ ಒಂದು ಸಾಲು ಮುಂದೆ ಎಷ್ಟು ಓಡಾಟ ಉಳಿಸುತ್ತದೆ ಎನ್ನುವುದು ಠಾಣೆಗೆ ಹೋದ ಮೇಲೆ ಗೊತ್ತಾಗುತ್ತದೆ.

ಮನೆಯೊಳಗಿನ ಹಿಂಸೆಯಿಂದ ಕೇಸು ಮೈಮೇಲೆ ಬಂದವರದು ಸ್ವಲ್ಪ ಬೇರೆ. ಗಂಡ ಹೊಡೆದ ದಿನವೇ ಆಕೆ ತಿರುಗಿ ಹೊಡೆದಳು ಎಂದು ಪ್ರತಿದೂರು ದಾಖಲಾಗಿರುತ್ತದೆ. ಇಲ್ಲಿ ಬೇಕಾದ ಕಾಗದ ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಮತ್ತು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿ ಬರೆದ ಕೌಟುಂಬಿಕ ಘಟನಾ ವರದಿ. ಎರಡರ ಸಮಯವನ್ನು ಹೋಲಿಸಿ, ಆತ್ಮರಕ್ಷಣೆಯ ವಾದವನ್ನು ಮೊದಲ ದಿನದಿಂದಲೇ ಇಡಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಖುಲಾಸೆಗೆ ಸಮ, ದಾಖಲೆ ಬೇಗ ಸ್ವಚ್ಛವಾಗುತ್ತದೆ, ನಿಜ. ಆದರೆ ಆ ರಾಜಿಗೆ ಬೆಲೆಯಾಗಿ ಆಕೆಯ ಜೀವನಾಂಶ, ರಕ್ಷಣಾ ಆದೇಶ ಎರಡನ್ನೂ ಬಿಡಿಸುವ ಮಾತು ಮೇಜಿನ ಮೇಲೆ ಬಂದೇ ಬರುತ್ತದೆ. ಅಂಥ ರಾಜಿಗಿಂತ ನಿಧಾನದ ವಿಚಾರಣೆಯೇ ಮೇಲು ಎಂದು ನಮ್ಮ ಅಭಿಪ್ರಾಯ.

ಗೋವಾದಲ್ಲೋ ಮುಂಬೈಯಲ್ಲೋ ದಾಖಲಾದ ಕೇಸನ್ನು ಇಲ್ಲಿ ಕೂತು ಮುಗಿಸಲಾಗದು, ಆ ರಾಜ್ಯದ ಕೋರ್ಟಿಗೇ ಹೋಗಬೇಕು. ಜಿಲ್ಲಾ ಪ್ರಾಧಿಕಾರದಿಂದ ಅಲ್ಲಿಯ ಪ್ರಾಧಿಕಾರಕ್ಕೆ ಪತ್ರ ಬರೆಸಿದರೆ ವಕೀಲರು ಸಿಗುತ್ತಾರೆ. ಬಾಂಗ್ಲಾದಿಂದ ಸಾಗಿಸಿ ತಂದವರ ಮೇಲೆ, 2025ರಲ್ಲಿ ರದ್ದಾದ ಹಳೆಯ ವಿದೇಶಿಯರ ಕಾಯ್ದೆಯ ಕೇಸೂ ಇರುತ್ತದೆ. ತನಿಖೆಯಲ್ಲಿ ಸಂತ್ರಸ್ತೆ ಎಂದು ಕಂಡರೆ ಚಾರ್ಜ್‌ಶೀಟ್ ಹಾಕಬೇಡಿ, ಹಾಕಿದ್ದರೆ ಹಿಂಪಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯ 2012ರ ಮೇ 1ರಂದೇ ಸಲಹಾ ಸೂಚನೆ ಕಳಿಸಿದೆ. ಅದನ್ನು ಸರಕಾರಿ ಅಭಿಯೋಜಕರ ಕೈಗೆ ಕೊಡಿ.

ರದ್ದತಿಗೆ ಕಾಯುವಷ್ಟು ಸಮಯವಿಲ್ಲ, ವೀಸಾ ಬಂದಾಗಿದೆ ಎಂದಾದರೆ 1993ರ ಆಗಸ್ಟ್ 25ರ ಕೇಂದ್ರ ಅಧಿಸೂಚನೆಯಂತೆ ವಿಚಾರಣಾ ಕೋರ್ಟಿನಿಂದಲೇ ವಿದೇಶ ಪ್ರಯಾಣಕ್ಕೆ ಅನುಮತಿ ಪಡೆದು ಪಾಸ್‌ಪೋರ್ಟ್ ಮಾಡಿಸಬಹುದು. ಆದೇಶದಲ್ಲಿ ಎಷ್ಟು ವರ್ಷಕ್ಕೆ ಎಂದು ಸ್ಪಷ್ಟವಾಗಿ ಬರೆಸಿ. ಅವಧಿ ಬರೆಯದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟ್ ಕೈಗೆ ಬರುತ್ತದೆ, ಅದರ ಮೇಲೆ ಎರಡು ವರ್ಷದ ಕೆಲಸದ ವೀಸಾ ಯಾರೂ ಹೊಡೆಯುವುದಿಲ್ಲ. ಬರೇ ಎಫ್‌ಐಆರ್ ಇದ್ದು ಕೋರ್ಟು ಇನ್ನೂ ವಿಚಾರಣೆಗೆ ಅಂಗೀಕರಿಸದಿದ್ದರೆ ಅದು 'ಬಾಕಿ ಇರುವ ಕಲಾಪ' ಅಲ್ಲ, ಅನುಮತಿಯೂ ಬೇಕಿಲ್ಲ.

ಆದೇಶ ಬಂತು ಎಂದು ಸಿಹಿ ಹಂಚಿದ ಮೇಲೆ ಅಸಲು ಕೆಲಸ ಶುರು. ದೃಢೀಕೃತ ಪ್ರತಿಗಳನ್ನು ಆರೇಳು ತೆಗೆಸಿ. ಒಂದನ್ನು ಮೆಮೊ ಜೊತೆ ಕೆಳಗಿನ ಕೋರ್ಟಿನಲ್ಲಿ ಹಾಕಿ, ಕೇಸು ಮುಕ್ತಾಯ ಎಂದು ಆರ್ಡರ್ ಶೀಟಿನಲ್ಲಿ ಬರೆಸಿ. ರಿಜಿಸ್ಟ್ರಿ ಕಳಿಸುತ್ತದೆ ಎಂದು ಕಾದರೆ ಕಾದೇ ಇರಬೇಕು. ಅದೇ ದಿನ ವಾರಂಟ್ ಹಿಂಪಡೆದ ಸೂಚನೆ ಠಾಣೆಗೆ ಹೋಗುವ ಹಾಗೆ ಬೆಂಚ್ ಕ್ಲರ್ಕ್ ಬಳಿ ನಿಂತು ಮಾಡಿಸಿ. ಕೇಸು ರದ್ದಾದರೂ ಠಾಣೆಯ ವಾರಂಟ್ ಪುಸ್ತಕದಲ್ಲಿ ಅದು ಹಾಗೇ ಉಳಿದು, ವಿಮಾನ ನಿಲ್ದಾಣಕ್ಕೆ ಹೊರಡುವ ವಾರ ಪೊಲೀಸರು ಮನೆಗೆ ಬರುವುದು ಈ ಕೆಲಸದಲ್ಲಿ ಅತಿ ಸಾಮಾನ್ಯ ಎಡವಟ್ಟು. ಎಲ್‌ಪಿಸಿ ರಿಜಿಸ್ಟರಿನಿಂದಲೂ ತೆಗೆಸಬೇಕು. ಮತ್ತೊಂದು ಪ್ರತಿ ಠಾಣಾಧಿಕಾರಿಗೆ, ಮತ್ತೊಂದು ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ, ಮತ್ತೊಂದು ಜಿಲ್ಲಾ ಅಪರಾಧ ದಾಖಲೆ ವಿಭಾಗಕ್ಕೆ. ಅರ್ಜಿಯಲ್ಲಿ ಅಪರಾಧ ಕ್ರಮಾಂಕ, ಸಿ.ಸಿ. ನಂಬರು, ಪಿಟಿಷನ್ ನಂಬರು, ಆದೇಶದ ದಿನಾಂಕ ನಾಲ್ಕೂ ಇರಲಿ, ಪೊಲೀಸ್ ಐಟಿ ಗಣಕದಲ್ಲಿ ಪ್ರಕರಣದ ಸ್ಥಿತಿ ಬದಲಿಸಿ ಹಿಂಬರಹ ಕೊಡಿ ಎಂದು ಕೇಳಿ. ಪ್ರತಿಯೊಂದಕ್ಕೂ ಮೊಹರು, ದಿನಾಂಕ ಸಹಿತ ಸ್ವೀಕೃತಿ ಬೇಕು. ಬಾಯಿಮಾತಿನ 'ಆಯ್ತು, ಮಾಡ್ತೇವೆ' ನಂಬಿದರೆ ಠಾಣೆಗೆ ಮುಂದಿನ ರೈಟರ್ (ಕಡತ ಬರೆಯುವ ಪೊಲೀಸ್) ಬಂದಾಗ ಮತ್ತೆ ಮೊದಲಿನಿಂದ.

ಬೆರಳಚ್ಚು, ಫೋಟೊ ಬೇರೆ ಕಡತ. 2022ರ ಆಗಸ್ಟ್ 4ರಿಂದ ಜಾರಿಯಲ್ಲಿರುವ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಇವನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತಳಾದರೆ ಅಥವಾ ಖುಲಾಸೆಯಾದರೆ, ಕೋರ್ಟು ಬೇರೆ ಹೇಳದ ಹೊರತು ನಾಶಪಡಿಸಬೇಕು. ಕೇಳದೆ ಯಾರೂ ನಾಶಪಡಿಸುವುದಿಲ್ಲ, ಆ ಕಾಯ್ದೆಯ 4ನೇ ಸೆಕ್ಷನ್ ಹೆಸರಿಸಿ ಪ್ರತ್ಯೇಕ ಅರ್ಜಿ ಕೊಡಬೇಕು.

ಸುದ್ದಿ ತಾಣಗಳಲ್ಲಿ ಉಳಿದ ಹೆಸರು, ಮುಖ ಮುಚ್ಚಿಕೊಂಡ ಫೋಟೊಗಳಿಗೆ ಆದೇಶದ ಪ್ರತಿ ಸಹಿತ ಸಂಪಾದಕರಿಗೆ ಪತ್ರ ಬರೆಯುವುದೇ ಮೊದಲ ಹೆಜ್ಜೆ. ಸ್ಥಳೀಯ ತಾಣಗಳಲ್ಲಿ ಕೆಲವು ಕೂಡಲೇ ತೆಗೆಯುತ್ತವೆ, ಕೆಲವು ಉತ್ತರಿಸುವುದೇ ಇಲ್ಲ. ಮೂಲ ಪುಟ ಹೋದ ಮೇಲೂ ಗೂಗಲ್‌ನಲ್ಲಿ ತುಣುಕು ಉಳಿಯುತ್ತದೆ, ಅದಕ್ಕೆ ಗೂಗಲ್‌ನದೇ ಅರ್ಜಿ ನಮೂನೆ ಇದೆ.

ಇಷ್ಟೆಲ್ಲ ಆದ ಮೇಲೂ ಫಾರಂ ತುಂಬುವಾಗ ಜಾಗ್ರತೆ. 'ನಿಮ್ಮ ಮೇಲೆ ಪ್ರಕರಣ ಬಾಕಿ ಇದೆಯೇ, ಶಿಕ್ಷೆಯಾಗಿದೆಯೇ' ಎಂದು ಕೇಳಿದರೆ ಇಲ್ಲ ಎನ್ನಬಹುದು. ಸರಕಾರಿ ನೌಕರಿಯ ದೃಢೀಕರಣ ನಮೂನೆ 'ಎಂದಾದರೂ ಬಂಧಿಸಲಾಗಿತ್ತೇ, ಪ್ರಕರಣ ದಾಖಲಾಗಿತ್ತೇ' ಎಂದು ಕೇಳುತ್ತದೆ. ಅಲ್ಲಿ ಹೌದು ಎಂದೇ ಬರೆದು ರದ್ದತಿ ಆದೇಶ ಲಗತ್ತಿಸಬೇಕು. ಕೆಲಸ ಹೋಗುವುದು ಹೆಚ್ಚಾಗಿ ಹಳೆಯ ಕೇಸಿನಿಂದಲ್ಲ, ಅದನ್ನು ಮುಚ್ಚಿಟ್ಟದ್ದರಿಂದ. ಸುಪ್ರೀಂ ಕೋರ್ಟ್ 2016ರಲ್ಲಿ ಈ ಬಗ್ಗೆ ವಿವರವಾದ ಮಾರ್ಗಸೂಚಿಯನ್ನೇ ಕೊಟ್ಟಿದೆ. ಬಾಲಕಿಯಾಗಿದ್ದಾಗಿನ ಪ್ರಕರಣಕ್ಕೆ ಮಾತ್ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ನಿನ ರಕ್ಷಣೆ ಇದೆ. ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಹೊಸ ಅರ್ಜಿ ಹಾಕುವುದು ಠಾಣೆಯ ಹಿಂಬರಹ ಕೈಗೆ ಬಂದ ಮೇಲೆಯೇ. ಅದಕ್ಕೆ ಮೊದಲೇ ಹಾಕಿದರೆ ಹಳೆಯ ವರದಿಯೇ ಮತ್ತೆ ಹೋಗುತ್ತದೆ, 500 ರೂಪಾಯಿಯೂ ಹೋಗುತ್ತದೆ.